ಕಥೆಯ ಕಾಲ, ತೆರೆಯ ಕಾಲ, ನೋಡುಗರ ಕಾಲ

ಚಲನಚಿತ್ರವೊಂದರಲ್ಲಿ ಕಥೆ ನಡೆಯಲು ಹಿಡಿಯುವ ಕಾಲ ಬೇರೆ, ಅದನ್ನು ತೆರೆಯ ಮೇಲೆ ತೋರಿಸಲು ಹಿಡಿಯುವ ಕಾಲ ಬೇರೆ ಎಂಬುದು ಮೊದಲ ನೋಟಕ್ಕೆ ವಿವರಣೆಯನ್ನೇ ಬೇಡದ ಸಂಗತಿಯಂತೆ ಕಾಣುತ್ತದೆ. ಆದರೆ ಈ ಎರಡರ ನಡುವಣ ಅಂತರವನ್ನು ಯಾರು, ಎಲ್ಲಿ, ಯಾತಕ್ಕಾಗಿ ಹಿಗ್ಗಿಸುತ್ತಾರೆ ಅಥವಾ ಕುಗ್ಗಿಸುತ್ತಾರೆ ಎಂದು ಕೇಳತೊಡಗಿದರೆ ಆ ಪ್ರಶ್ನೆ ಸಿನಿಮಾ ಎಂಬ ಕಲೆಯ ಬುಡಕ್ಕೇ ಹೋಗಿ ಮುಟ್ಟುತ್ತದೆ. ಕ್ಯಾಲಿಫೋರ್ನಿಯದ ಸನ್ನಿವೇಲ್ ನಗರದಲ್ಲಿ ನಡೆದುದೆಂದು ಕಲ್ಪಿಸಿ ಬರೆದಿರುವ ಈ ಸಂವಾದದಲ್ಲಿ ಮಾತನಾಡುವವರು ಇಬ್ಬರು. ಒಬ್ಬರು ಕರ್ನಾಟಕದ ಕಾಲೇಜಿನಲ್ಲಿ ನಾಟಕವನ್ನು ಪಾಠ ಹೇಳಿ ನಿವೃತ್ತರಾಗಿ ಮಗಳ ಮನೆಗೆ ಬಂದಿರುವ ಮೇಷ್ಟ್ರು. ಇನ್ನೊಬ್ಬರು ಅದೇ ಬಡಾವಣೆಯಲ್ಲಿ ನೆಲೆಸಿ, ವಿಡಿಯೊ ಪ್ರಸಾರದ ತಂತ್ರಾಂಶ ಬರೆಯುವ ಕೆಲಸದಲ್ಲಿರುವ ಕನ್ನಡತಿ, ಇಲ್ಲಿ ತಂತ್ರಜ್ಞೆ.

ತಂತ್ರಜ್ಞೆ: ಮೇಷ್ಟ್ರೇ, ಈ ವ್ಯತ್ಯಾಸವನ್ನು ಒಂದು ಸರಳ ಲೆಕ್ಕವಾಗಿ ಹೇಳಿ ಮುಗಿಸಬಹುದಲ್ಲವೇ? ರಾಮ್ ರೆಡ್ಡಿ ನಿರ್ದೇಶಿಸಿದ 'ತಿಥಿ' ಚಿತ್ರವನ್ನೇ ತೆಗೆದುಕೊಂಡರೆ, ಮಂಡ್ಯ ಸೀಮೆಯ ಹಳ್ಳಿಯೊಂದರಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಂಡಲ್ಲಿಂದ ಹನ್ನೊಂದನೆಯ ದಿನದ ಕಾರ್ಯದವರೆಗೆ ಕಥೆ ನಡೆಯುತ್ತದೆ. ಹನ್ನೊಂದು ದಿನಗಳೆಂದರೆ 264 ಗಂಟೆಗಳು, ಚಿತ್ರದ ಉದ್ದ ಸುಮಾರು ಎರಡು ಗಂಟೆ. ಅಂದಮೇಲೆ 132 ಪಾಲು ಕಾಲವನ್ನು ಒಂದು ಪಾಲಿಗೆ ಇಳಿಸಿದಂತಾಯಿತು. ದೊಡ್ಡ ಕಡತವನ್ನು ಚಿಕ್ಕದಾಗಿ ಒತ್ತಿ ಕಳಿಸುವುದು ತಂತ್ರಾಂಶದವರ ದಿನನಿತ್ಯದ ಕೆಲಸವಾದ್ದರಿಂದ, ಸಿನಿಮಾ ಮಾಡುವುದೂ ಅದನ್ನೇ ಎಂದು ತೋರುತ್ತದೆ.

ಮೇಷ್ಟ್ರು: ಲೆಕ್ಕ ಸರಿಯಾಗಿದೆ, ಆದರೆ ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಮೊದಲನೆಯದಾಗಿ, ಅಲ್ಲಿರುವುದು ಎರಡು ಕಾಲಗಳಲ್ಲ, ಮೂರು. ನೋಡುಗರು ಕಂಡದ್ದನ್ನೂ ಕೇಳಿದ್ದನ್ನೂ ಊಹಿಸಿದ್ದನ್ನೂ ಕೂಡಿಸಿ ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಪೂರ್ತಿ ಕಥೆಗೆ ಒಂದು ಕಾಲವಿದೆ. ಇದನ್ನು ಕಥಾಕಾಲ ಎನ್ನೋಣ. 'ತಿಥಿ'ಯಲ್ಲಿ ಇದು ಹನ್ನೊಂದು ದಿನಗಳದ್ದಲ್ಲ. ಸೆಂಚುರಿ ಗೌಡನ ನೂರೊಂದು ವರ್ಷಗಳು ಇದರಲ್ಲಿ ಸೇರಿವೆ, ಅವನ ಮಗ ಗಡ್ಡಪ್ಪ ಕುರಿ ಕಾಯುವವರ ಬಿಡಾರದಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುವ ತನ್ನ ಹಳೆಯ ಬಾಳೂ ಸೇರಿದೆ. ಆ ಇಡೀ ಕಥೆಯಲ್ಲಿ ನಮ್ಮೆದುರು ನಡೆಯಲೆಂದು ಆರಿಸಿಕೊಂಡ ಭಾಗಕ್ಕೆ ಇನ್ನೊಂದು ಕಾಲವಿದೆ. ಅದು ನಿರೂಪಣಾಕಾಲ, ಇಲ್ಲಿ ಹನ್ನೊಂದು ದಿನ. ಇವೆರಡನ್ನೂ ತೋರಿಸಲು ಹಿಡಿಯುವ ಎರಡು ಗಂಟೆ ತೆರೆಕಾಲ.

ತಂತ್ರಜ್ಞೆ: ಮೂರಾದರೂ ಇರಲಿ, ಮೊದಲನೆಯದನ್ನು ಎರಡನೆಯದಕ್ಕೂ ಎರಡನೆಯದನ್ನು ಮೂರನೆಯದಕ್ಕೂ ಇಳಿಸುತ್ತಾ ಹೋಗಿದ್ದಾರೆ ಎಂದಷ್ಟೇ ಆಯಿತಲ್ಲ?

ಮೇಷ್ಟ್ರು: ಇಲ್ಲ, ಏಕೆಂದರೆ ಕ್ಯಾಮೆರಾಕ್ಕೆ ಇಳಿಸುವುದು ಬರುವುದಿಲ್ಲ. ಕಾದಂಬರಿಕಾರರು ಮೂರು ವರ್ಷ ಮಳೆಯಾಗಲಿಲ್ಲ ಎಂದು ಒಂದೇ ವಾಕ್ಯ ಬರೆದು ಮೂರು ವರ್ಷಗಳನ್ನು ದಾಟಿಬಿಡಬಹುದು, ಆ ವಾಕ್ಯದಲ್ಲಿ ಯಾವ ದಿನವೂ ಇರಬೇಕಾಗಿಲ್ಲ. ಕ್ಯಾಮೆರಾ ಮಾತ್ರ ಬಿರುಕುಬಿಟ್ಟ ಒಂದು ಗದ್ದೆಯನ್ನು, ಒಂದು ಹಗಲಿನಲ್ಲಿ, ಇಷ್ಟು ಸೆಕೆಂಡುಗಳ ಕಾಲ ತೋರಿಸಲೇಬೇಕು. ಆ ಸೆಕೆಂಡುಗಳು ಗದ್ದೆಯ ಬಳಿ ಎಷ್ಟು ನಡೆದವೋ ತೆರೆಯ ಮೇಲೂ ಅಷ್ಟೇ ನಡೆಯುತ್ತವೆ. ಕ್ಯಾಮೆರಾ ಶುರುವಾದಲ್ಲಿಂದ ನಿಲ್ಲುವವರೆಗಿನ ತುಣುಕಿಗೆ ಚಿತ್ರಿಕೆ ಎಂದು ಹೆಸರು. ವೇಗವನ್ನು ಬೇಕೆಂದೇ ಬದಲಿಸದಿದ್ದರೆ, ಒಂದು ಚಿತ್ರಿಕೆಯ ಒಳಗೆ ಕಥೆಯ ಕಾಲವೂ ತೆರೆಯ ಕಾಲವೂ ಒಂದೇ ಆಗಿರುತ್ತವೆ. ಹಾಗಾಗಿ 'ತಿಥಿ'ಯಲ್ಲಿ 264 ಗಂಟೆಗಳನ್ನು ಒತ್ತಿ ಎರಡಕ್ಕೆ ತಂದದ್ದಲ್ಲ. 264ರಲ್ಲಿ ಎರಡೇ ಗಂಟೆಗಳನ್ನು ಇದ್ದ ಹಾಗೆಯೇ ಇಟ್ಟುಕೊಂಡು, ಉಳಿದ 262 ಗಂಟೆಗಳನ್ನು ಒಂದು ಚಿತ್ರಿಕೆಗೂ ಇನ್ನೊಂದಕ್ಕೂ ನಡುವಿನ ಸಂದಿಗಳಲ್ಲಿ ಬಿಟ್ಟಿದ್ದಾರೆ. ಕಡತವನ್ನು ಒತ್ತಿದರೆ ಎಲ್ಲವೂ ಸ್ವಲ್ಪಸ್ವಲ್ಪ ಉಳಿಯುತ್ತದೆ, ಇಲ್ಲಿ ಹಾಗಿಲ್ಲ. ಇದ್ದರೆ ಪೂರ್ತಿ ಇದೆ, ಇಲ್ಲವಾದರೆ ಸ್ವಲ್ಪವೂ ಇಲ್ಲ. ಯಾರ ಪಾಲಿಗೆ ಪೂರ್ತಿ ಕೊಟ್ಟರು, ಯಾರ ಪಾಲನ್ನು ಸಂದಿಗೆ ತಳ್ಳಿದರು ಎಂಬುದೇ ಈ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ.

ತಂತ್ರಜ್ಞೆ: ಹಾಗಿದ್ದರೆ ಸಿನಿಮಾ ಸಂಕ್ಷೇಪವಾಗಿ ಹೇಳುವುದೇ ಇಲ್ಲವೇ? 1972ರ 'ಬಂಗಾರದ ಮನುಷ್ಯ'ದಲ್ಲಿ ಕಲ್ಲುಬಂಡೆಗಳ ಬಂಜರು ನೆಲ ರಾಜೀವನ ದುಡಿಮೆಯಿಂದ ಹಸಿರಾಗುವುದು ಒಂದು ಹಾಡಿನಲ್ಲಿ. ಹಳೆಯ ಸಿನಿಮಾಗಳಲ್ಲಿ ಓಡುತ್ತಿರುವ ಹುಡುಗನ ಕಾಲುಗಳನ್ನು ತೋರಿಸುತ್ತಿದ್ದಂತೆಯೇ ಅವು ದೊಡ್ಡವನ ಕಾಲುಗಳಾಗಿ, ಕ್ಯಾಮೆರಾ ಮೇಲೆದ್ದರೆ ನಾಯಕ ನಟನ ಮುಖ ಕಾಣುತ್ತಿತ್ತು. ಹದಿನೈದು ವರ್ಷ ಕಳೆಯಿತೆಂದು ಥಿಯೇಟರಿನಲ್ಲಿದ್ದ ಮಕ್ಕಳಿಗೂ ತಿಳಿಯುತ್ತಿತ್ತು.

ಮೇಷ್ಟ್ರು: ತಿಳಿಯುತ್ತಿತ್ತು, ಏಕೆಂದರೆ ಸಂಕ್ಷೇಪ ಮಾಡಿಕೊಳ್ಳುತ್ತಿದ್ದವರು ನೋಡುಗರು. ಆ ಹಾಡಿನಲ್ಲಿ ಇರುವುದು ಬಂಡೆ ಒಡೆಯುವ ಕೆಲವು ಕ್ಷಣ, ಮಣ್ಣು ಹೊರುವ ಕೆಲವು ಕ್ಷಣ, ಪೈರು ತೂಗುವ ಕೆಲವು ಕ್ಷಣ, ಅಷ್ಟೆ. ನಡುವಣ ತಿಂಗಳುಗಳನ್ನು ತುಂಬಿಕೊಳ್ಳುವುದು ಹಾಡಿನ ರಾಗ ಮತ್ತು ಕೇಳುವವರ ಮನಸ್ಸು. ರಾಗ ತುಂಡಾಗದೆ ಸಾಗುವುದರಿಂದ ಕಾಲವೂ ತುಂಡಾಗದೆ ಸಾಗಿತೆಂದು ಮನಸ್ಸು ಒಪ್ಪುತ್ತದೆ. ನಮ್ಮ ಸಿನಿಮಾದ ಹಾಡು ಇದಕ್ಕೆ ನೇರ ವಿರುದ್ಧವಾದ ಕೆಲಸವನ್ನೂ ಮಾಡುತ್ತದೆ ಎಂಬುದು ಗಮನಿಸಬೇಕಾದದ್ದು: ನಾಯಕ ನಾಯಕಿಯರು ಕಣ್ಣಲ್ಲಿ ಕಣ್ಣಿಟ್ಟ ಒಂದು ಗಳಿಗೆಯಲ್ಲಿ ಹಾಡು ಶುರುವಾಗಿ, ಐದು ನಿಮಿಷ ಬೆಟ್ಟ ಕಣಿವೆಗಳಲ್ಲಿ ಸುತ್ತಾಡಿ, ಮುಗಿದಾಗ ಇಬ್ಬರೂ ಅದೇ ಜಾಗದಲ್ಲಿ ಅದೇ ಗಳಿಗೆಯಲ್ಲಿ ನಿಂತಿರುತ್ತಾರೆ. ಅಲ್ಲಿ ತೆರೆಕಾಲ ಐದು ನಿಮಿಷ, ಕಥಾಕಾಲ ಸೊನ್ನೆ. ಒಂದೇ ಸಾಧನ ವರ್ಷಗಳನ್ನು ನುಂಗಲೂ ಬಲ್ಲದು, ಗಳಿಗೆಯನ್ನು ನಿಲ್ಲಿಸಲೂ ಬಲ್ಲದು. ಇದನ್ನು ವಿಮರ್ಶೆ ಇನ್ನೂ ತಕ್ಕಷ್ಟು ಗೌರವದಿಂದ ನೋಡಿಲ್ಲ.

ತಂತ್ರಜ್ಞೆ: ಇಂಥ ಚರ್ಚೆ ಸಿನಿಮಾಕ್ಕಿಂತ ಹಳೆಯದಿರಬೇಕಲ್ಲವೇ?

ಮೇಷ್ಟ್ರು: ಬಹಳ ಹಳೆಯದು. ನಾಟ್ಯಶಾಸ್ತ್ರದಲ್ಲಿ ಭರತ ಒಂದು ಅಂಕದೊಳಗೆ ಒಂದು ದಿನದ ಕಾರ್ಯವನ್ನು ಮಾತ್ರ ತರಬೇಕೆಂದು ವಿಧಿಸುತ್ತಾನೆ. ತಿಂಗಳಲ್ಲಿ ಅಥವಾ ವರ್ಷದಲ್ಲಿ ನಡೆದದ್ದನ್ನು ಹೇಳಬೇಕಾದರೆ ಅಂಕವನ್ನು ಮುಗಿಸಿ, ಎರಡು ಅಂಕಗಳ ನಡುವೆ ಪ್ರವೇಶಕದಂಥ ಚಿಕ್ಕ ಸಂದರ್ಭವೊಂದನ್ನು ಇಟ್ಟು ಪಾತ್ರಗಳ ಬಾಯಿಂದ ತಿಳಿಸಬೇಕು. ಆದರೂ ಆ ಅಂತರ ಒಂದು ವರ್ಷವನ್ನು ಮೀರಬಾರದು ಎನ್ನುತ್ತಾನೆ. ಭವಭೂತಿ ಈ ಮಿತಿಯನ್ನು ಮೀರಿಯೇ ದೊಡ್ಡ ಕೆಲಸ ಮಾಡಿದ. 'ಉತ್ತರರಾಮಚರಿತ'ದ ಮೊದಲ ಅಂಕದ ಕೊನೆಗೆ ಸೀತೆ ಕಾಡಿಗೆ ಹೊರಡುತ್ತಾಳೆ; ಎರಡನೆಯ ಅಂಕದ ಆರಂಭದ ವಿಷ್ಕಂಭಕದಲ್ಲಿ, ಅಂದರೆ ಅಂಥದೇ ಇನ್ನೊಂದು ಬಗೆಯ ಕೊಂಡಿಯಲ್ಲಿ, ತಾಪಸಿ ಆತ್ರೇಯಿಯೂ ವನದೇವತೆ ವಾಸಂತಿಯೂ ಆಡುವ ಮಾತಿನಿಂದ ನಡುವೆ ಹನ್ನೆರಡು ವರ್ಷಗಳು ಹೋಗಿವೆ ಎಂದು ಗೊತ್ತಾಗುತ್ತದೆ. ಆ ಹನ್ನೆರಡು ವರ್ಷಗಳ ಸೀತೆಯನ್ನು ಕವಿ ತೋರಿಸಲಿಲ್ಲ. ತೋರಿಸದೆ ಬಿಟ್ಟ ಕಾಲ ಮುಂದಿನ ಪ್ರತಿಯೊಂದು ಮಾತಿನ ಮೇಲೂ ಭಾರವಾಗಿ ಕೂರುತ್ತದೆ ಎಂಬುದನ್ನು ಕವಿ ಬಲ್ಲವನಾಗಿದ್ದ. ಯಕ್ಷಗಾನದಲ್ಲಂತೂ ಭಾಗವತರು ಪದ ಹಾಡುತ್ತಿರುವಾಗ ವೇಷಧಾರಿ ರಂಗಸ್ಥಳದಲ್ಲಿ ಸುತ್ತು ಹಾಕಿದರೆ ಸಾಕು, ಅಯೋಧ್ಯೆಯಿಂದ ದಂಡಕಾರಣ್ಯ ತಲುಪಿದಂತೆ. ಅದೇ ಭಾಗವತರು ಒಂದು ಯುದ್ಧವನ್ನು ಗಂಟೆಗಟ್ಟಲೆ ಬೆಳೆಸಲೂ ಬಲ್ಲರು.

ತಂತ್ರಜ್ಞೆ: ಅಂಕಗಳ ನಡುವಿನ ಕೊಂಡಿ ಎಂದಾಗ ಮಧ್ಯಂತರ ನೆನಪಾಗುತ್ತದೆ. ಊರಿನ ಥಿಯೇಟರುಗಳಲ್ಲಿ ಸಿನಿಮಾ ಮಧ್ಯಕ್ಕೆ ನಿಂತು, ದೀಪ ಹತ್ತಿ, ಜನ ಕಾಫಿ ಕುಡಿದು ಬಂದಮೇಲೆ ಕಥೆ ಐದು ವರ್ಷ ಮುಂದೆ ಹೋಗಿದ್ದರೂ ಯಾರಿಗೂ ಎಡವಿದಂತಾಗುವುದಿಲ್ಲ. ಈ ಬೇ ಏರಿಯಾದ ಥಿಯೇಟರುಗಳಲ್ಲಿ ಕನ್ನಡ ಸಿನಿಮಾ ಹಾಕಿದಾಗ ಸಾಮಾನ್ಯವಾಗಿ ಮಧ್ಯದಲ್ಲಿ ನಿಲ್ಲಿಸುವುದಿಲ್ಲ. ಮಧ್ಯಂತರ ಎಂಬ ಅಕ್ಷರಗಳು ತೆರೆಯ ಮೇಲೆ ಬಂದು, ಮರುಕ್ಷಣವೇ ಮುಂದಿನ ದೃಶ್ಯ ಶುರುವಾಗುತ್ತದೆ. ನಾಯಕಿ ಅಳುತ್ತಿದ್ದವಳು ಉಸಿರು ಬಿಡುವಷ್ಟರಲ್ಲಿ ಬೇರೆ ಊರಿನಲ್ಲಿ, ಬೇರೆ ವಯಸ್ಸಿನಲ್ಲಿ ಇರುತ್ತಾಳೆ.

ಮೇಷ್ಟ್ರು: ಇದು ಬಹಳ ಒಳ್ಳೆಯ ಉದಾಹರಣೆ. ಕಥಾಕಾಲ, ನಿರೂಪಣಾಕಾಲ, ತೆರೆಕಾಲ, ಈ ಮೂರರಲ್ಲಿ ಯಾವುದೂ ಬದಲಾಗಿಲ್ಲ, ಆದರೂ ಸಿನಿಮಾ ಬದಲಾಗಿದೆ. ಹಾಗಾದರೆ ಬದಲಾದದ್ದು ಯಾವ ಕಾಲ ಎಂಬುದನ್ನು ಮುಂದಕ್ಕೆ ನೋಡೋಣ.

ಇಲ್ಲಿಂದ ಮಾತು ಸನ್ನಿವೇಲ್‌ಗೆ ಕೆಲವೇ ಮೈಲಿ ದೂರದ ಪಾಲೊ ಆಲ್ಟೊ ಕಡೆಗೆ ತಿರುಗಿತು. ಚಿತ್ರಿಕೆಯ ಒಳಗೆ ಕಾಲ ಇದ್ದಂತೆಯೇ ಇರುತ್ತದೆ ಎಂಬ ಮೇಷ್ಟ್ರ ಮಾತನ್ನು ತಂತ್ರಜ್ಞೆ ಸುಲಭವಾಗಿ ಒಪ್ಪಲಿಲ್ಲ; ಒಪ್ಪದಿರಲು ಅವರಿಗೆ ಈ ನೆಲದಲ್ಲೇ ಆಧಾರಗಳಿದ್ದವು.

ತಂತ್ರಜ್ಞೆ: ಈಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವಿರುವ ಜಾಗದಲ್ಲಿ ಮೊದಲು ರೈಲ್ವೆ ಉದ್ಯಮಿ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್‌ರ ಕುದುರೆ ಸಾಕಣೆಯ ಫಾರ್ಮ್ ಇತ್ತು. 1878ರ ಜೂನ್‌ನಲ್ಲಿ ಎಡ್ವರ್ಡ್ ಮೈಬ್ರಿಜ್ ಅಲ್ಲಿನ ಓಟದ ಹಾದಿಯ ಪಕ್ಕದಲ್ಲಿ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಸ್ಯಾಲಿ ಗಾರ್ಡ್‌ನರ್ ಎಂಬ ಹೆಣ್ಣು ಕುದುರೆ ನಾಗಾಲೋಟದಲ್ಲಿ ಹಾಯುವಾಗ ಒಂದಾದಮೇಲೊಂದರಂತೆ ಚಿತ್ರ ತೆಗೆದರು. ಅವರು ಅಚ್ಚು ಹಾಕಿಸಿದ ಕಾರ್ಡಿನ ಮೇಲೆ ಚಿತ್ರಗಳ ನಡುವಿನ ಅಂತರವನ್ನೂ ನಮೂದಿಸಿದ್ದಾರೆ: ದೂರದಲ್ಲಿ 27 ಅಂಗುಲ, ಕಾಲದಲ್ಲಿ ಸುಮಾರು ಸೆಕೆಂಡಿನ 25ರಲ್ಲಿ ಒಂದು ಭಾಗ. ಒಂದೊಂದು ಚಿತ್ರಕ್ಕೆ ಬೆಳಕು ಬಿಟ್ಟದ್ದು ಸೆಕೆಂಡಿನ 2000ದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ, ಕಾಲದಲ್ಲಿ ಹೆಚ್ಚಿನ ಪಾಲು ಚಿತ್ರಗಳ ನಡುವೆ ಬಿದ್ದುಹೋಗಿದೆ, ಕ್ಯಾಮೆರಾ ಕಂಡದ್ದು ಎಂಬತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಹಾಗಾದರೆ ಸಂದಿ ಇರುವುದು ಎರಡು ಚಿತ್ರಿಕೆಗಳ ನಡುವೆ ಮಾತ್ರವಲ್ಲ, ಒಂದೇ ಚಿತ್ರಿಕೆಯ ಒಳಗೂ ಇದೆ.

ಮೇಷ್ಟ್ರು: ಒಪ್ಪಬೇಕಾದ ಮಾತು. ಇದ್ದಂತೆಯೇ ಎನ್ನುವುದರ ಬದಲು ಇದ್ದ ವೇಗದಲ್ಲಿಯೇ ಎಂದು ತಿದ್ದಿಕೊಳ್ಳಬಹುದು.

ತಂತ್ರಜ್ಞೆ: ಆ ಕಾರ್ಡಿನಲ್ಲಿ ಇನ್ನೂ ಒಂದು ವಿಶೇಷವಿದೆ. ಮೊದಲ ಹನ್ನೊಂದು ಚಿತ್ರಗಳಲ್ಲಿ ಕುದುರೆ ಓಡುತ್ತಿದೆ, ಹನ್ನೆರಡನೆಯದರಲ್ಲಿ ಸುಮ್ಮನೆ ನಿಂತಿದೆ. ಮೊದಲ ಹನ್ನೊಂದರ ಒಟ್ಟು ಕಾಲ ಅರ್ಧ ಸೆಕೆಂಡಿಗೂ ಕಡಿಮೆ. ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವೆ ಎಷ್ಟು ಹೊತ್ತು ಹೋಯಿತೆಂದು ಕಾರ್ಡನ್ನು ನೋಡಿ ಯಾರೂ ಹೇಳಲಾರರು. ಎಲ್ಲ ಚೌಕಗಳೂ ಒಂದೇ ಅಳತೆಯವು, ಒಂದರ ಪಕ್ಕಕ್ಕೆ ಒಂದು ಕೂತಿವೆ. ಕಣ್ಣು ಮಾತ್ರ ಓಟದಿಂದ ನಿಲುಗಡೆಗೆ ಯಾವ ಅಡ್ಡಿಯೂ ಇಲ್ಲದೆ ದಾಟಿಬಿಡುತ್ತದೆ.

ಮೇಷ್ಟ್ರು: ಸಿನಿಮಾ ಹುಟ್ಟುವ ಮೊದಲೇ ಸಂಕಲನ ಅಲ್ಲಿ ಹುಟ್ಟಿದೆ ಎಂದರೆ ಅತಿಶಯೋಕ್ತಿಯಾಗದು. ಚಿತ್ರಿಕೆಗಳನ್ನು ಕತ್ತರಿಸಿ ಜೋಡಿಸುವುದಕ್ಕೆ ಸಂಕಲನ ಎನ್ನುತ್ತೇವೆ; ನಡುವಣ ಕಾಲವನ್ನು ಹೇಳದೆ ಬಿಟ್ಟು ಎರಡು ಕ್ಷಣಗಳನ್ನು ನೆರೆಹೊರೆ ಮಾಡುವುದೇ ಅದರ ಮೂಲ ಕ್ರಿಯೆ.

ತಂತ್ರಜ್ಞೆ: ಮುಂದೆ ಮೈಬ್ರಿಜ್ ಇಂಥ ಚಿತ್ರಗಳನ್ನು ಗಾಜಿನ ತಟ್ಟೆಯ ಅಂಚಿನ ಮೇಲೆ ಬರೆಸಿ, ತಿರುಗಿಸಿ, ಬೆಳಕು ಹಾಯಿಸಿ ಗೋಡೆಯ ಮೇಲೆ ಮೂಡಿಸುವ ಝೂಪ್ರಾಕ್ಸಿಸ್ಕೋಪ್ ಎಂಬ ಯಂತ್ರ ಮಾಡಿದರು, 1880ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನ ಅದನ್ನು ನೋಡಿದರು. ಅಲ್ಲಿ ತಟ್ಟೆ ತಿರುಗುತ್ತಿರುವಷ್ಟು ಹೊತ್ತು ಕುದುರೆ ಓಡುತ್ತಲೇ ಇರುತ್ತದೆ. ನಡೆದದ್ದು ಒಂದು ನೆಗೆತ, ಕಂಡದ್ದು ನೂರಾರು.

ಮೇಷ್ಟ್ರು: ಒಮ್ಮೆ ನಡೆದದ್ದನ್ನು ಎಷ್ಟು ಸಲ ಹೇಳುತ್ತೇವೆ ಎಂಬ ಈ ಪ್ರಶ್ನೆಯನ್ನು ಫ್ರೆಂಚ್ ವಿದ್ವಾಂಸ ಜೆರಾರ್ ಜೆನೆಟ್ 1972ರಲ್ಲಿ ಪ್ರಕಟಿಸಿದ ನಿರೂಪಣಾಶಾಸ್ತ್ರದ ಗ್ರಂಥದಲ್ಲಿ ಆವರ್ತನ ಎಂಬ ಅರ್ಥದ ಹೆಸರಿನಿಂದ ಚರ್ಚಿಸಿದ್ದಾನೆ, ಕ್ರಮ ಮತ್ತು ಅವಧಿ ಅವನು ಎತ್ತಿದ ಇನ್ನೆರಡು ಪ್ರಶ್ನೆಗಳು. ಕನ್ನಡದಲ್ಲಿ ಆವರ್ತನದ ಅತಿ ಸ್ಪಷ್ಟ ಉದಾಹರಣೆ ರಕ್ಷಿತ್ ಶೆಟ್ಟಿ ನಿರ್ದೇಶಿಸಿದ 2014ರ 'ಉಳಿದವರು ಕಂಡಂತೆ'. ಕೃಷ್ಣಾಷ್ಟಮಿಯ ಸುತ್ತಿನ ದಿನಗಳಲ್ಲಿ ಮಲ್ಪೆಯಲ್ಲಿ ನಡೆದ ಸಂಗತಿಗಳನ್ನು ಪತ್ರಕರ್ತೆಯೊಬ್ಬಳು ಬೇರೆಬೇರೆಯವರಿಂದ ಕೇಳಿ ಕಲೆಹಾಕುತ್ತಾಳೆ, ಒಬ್ಬೊಬ್ಬರ ಪಾಲಿಗೆ ಒಂದೊಂದು ಅಧ್ಯಾಯ. ಅಲ್ಲಿ ತೆರೆಕಾಲ ಮುಂದುಮುಂದಕ್ಕೆ ಹೋಗುತ್ತಿದ್ದರೆ ಕಥಾಕಾಲ ಮತ್ತೆಮತ್ತೆ ಹಿಂದಕ್ಕೆ ಬಂದು ಅದೇ ಬೀದಿಯಲ್ಲಿ ನಿಲ್ಲುತ್ತದೆ. ಮೊದಲ ಸಲ ಹಿನ್ನೆಲೆಯಲ್ಲಿ ಹಾದುಹೋದವನು ಮುಂದಿನ ಸಲ ನಡುವಿಗೆ ಬರುತ್ತಾನೆ. ಕ್ರಮದ ವಿಷಯಕ್ಕೆ ಬಂದರೆ, ಈ ಊರುಗಳಲ್ಲೇ ಚಿತ್ರೀಕರಿಸಿದ ಹಿಚ್‌ಕಾಕ್‌ನ 1958ರ 'ವರ್ಟಿಗೊ'ವನ್ನು ನೋಡಬೇಕು. ರೆಡ್‌ವುಡ್ ಕಾಡಿನಲ್ಲಿ ಕಡಿದ ಮರದ ಅಡ್ಡಕೊಯ್ತವೊಂದನ್ನು ನಿಲ್ಲಿಸಿ, ಅದರ ಉಂಗುರಗಳ ಮೇಲೆ ಇತಿಹಾಸದ ಘಟನೆಗಳನ್ನು ಗುರುತಿಸಿದ್ದಾರೆ. ನಾಯಕಿ ತಾನು ಹುಟ್ಟಿದ್ದೂ ಸತ್ತದ್ದೂ ಇಲ್ಲಿ ಎಂದು ಎರಡು ಉಂಗುರಗಳ ನಡುವೆ ಬೆರಳಿಡುತ್ತಾಳೆ. ಹಿನ್ನೋಟದ ದೃಶ್ಯ ಒಂದೂ ಇಲ್ಲದೆ, ಕೈಬೆರಳು ಸರಿಯುವಷ್ಟು ಹೊತ್ತಿನಲ್ಲಿ, ಒಂದು ಇಡೀ ಜನ್ಮ ಕಥಾಕಾಲಕ್ಕೆ ಸೇರಿಹೋಗುತ್ತದೆ.

ತಂತ್ರಜ್ಞೆ: ಕಥೆಯ ಕಾಲವೂ ತೆರೆಯ ಕಾಲವೂ ಒಂದೇ ಆಗಿರುವ ಚಿತ್ರಗಳೂ ಇವೆಯಲ್ಲ?

ಮೇಷ್ಟ್ರು: ಪ್ರಯತ್ನಿಸಿದವು ಇವೆ. ಫ್ರೆಡ್ ಜಿನ್ನೆಮನ್‌ನ 'ಹೈ ನೂನ್' 1952ರಲ್ಲಿ, ಆನ್ಯೆಸ್ ವಾರ್ದಾಳ 'ಐದರಿಂದ ಏಳರವರೆಗೆ ಕ್ಲಿಯೊ' 1962ರಲ್ಲಿ ಬಂದವು. ಎರಡನೆಯದರಲ್ಲಿ ಹೆಸರು ಎರಡು ಗಂಟೆ ಎಂದರೂ ಚಿತ್ರ ಸುಮಾರು ಒಂದೂವರೆ ಗಂಟೆಗೆ ನಿಲ್ಲುತ್ತದೆ. ಆದರೆ ಇವುಗಳಿಗಿಂತ ಶುದ್ಧವಾದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಇದೆ. ಮೈಲ್ಸ್ ಸಹೋದರರು 1906ರಲ್ಲಿ ಕೇಬಲ್ ಕಾರಿನ ಮುಂಭಾಗಕ್ಕೆ ಕ್ಯಾಮೆರಾ ಕಟ್ಟಿ ಮಾರ್ಕೆಟ್ ಸ್ಟ್ರೀಟಿನ ಉದ್ದಕ್ಕೂ ಫೆರಿ ಕಟ್ಟಡದವರೆಗೆ ಸಾಗಿ ತೆಗೆದ ಚಿತ್ರ ಸುಮಾರು ಹದಿಮೂರು ನಿಮಿಷದ್ದು. ಕುದುರೆಗಾಡಿ, ಮೋಟಾರು, ಸೈಕಲ್ಲು, ಹಾದಿಗೆ ಅಡ್ಡ ಓಡುವ ಹುಡುಗರು, ಪತ್ರಿಕೆ ಮಾರುವವರು. ಕಥೆಯೆಂಬುದೇ ಇಲ್ಲ, ಬೀದಿ ಎಷ್ಟು ಹೊತ್ತು ಹಿಡಿಯಿತೋ ಚಿತ್ರವೂ ಅಷ್ಟೇ ಹೊತ್ತು. ಇಲ್ಲಿ ತೆರೆಕಾಲಕ್ಕೂ ನಡೆದ ಕಾಲಕ್ಕೂ ಅಂತರವೇ ಇಲ್ಲ ಎನ್ನಬಹುದು.

ತಂತ್ರಜ್ಞೆ: ಎನ್ನಲು ಬರುವುದಿಲ್ಲ, ಮೇಷ್ಟ್ರೇ. ಆಗಿನ ಕ್ಯಾಮೆರಾದಲ್ಲಿ ಫಿಲ್ಮನ್ನು ಕೈಯಿಂದ ಹಿಡಿಕೆ ತಿರುಗಿಸಿ ಓಡಿಸುತ್ತಿದ್ದರು, ಸೆಕೆಂಡಿಗೆ ಇಷ್ಟೇ ಚೌಕಟ್ಟು ಎಂಬ ಕಟ್ಟುಪಾಡು ಇರಲಿಲ್ಲ. ಸೆಕೆಂಡಿಗೆ 24 ಎಂದು ನಿಗದಿಯಾದದ್ದು 1920ರ ದಶಕದ ಕೊನೆಗೆ ಮಾತಿನ ಚಿತ್ರಗಳು ಬಂದಮೇಲೆ, ಧ್ವನಿಯ ವೇಗ ಏರುಪೇರಾದರೆ ಕಿವಿ ಸಹಿಸುವುದಿಲ್ಲ ಎಂಬ ಕಾರಣಕ್ಕೆ. ಸೆಕೆಂಡಿಗೆ 16ರಂತೆ ತೆಗೆದದ್ದನ್ನು 24ರಂತೆ ತೋರಿಸಿದರೆ ಹದಿಮೂರು ನಿಮಿಷದ ಬೀದಿ ಒಂಬತ್ತು ನಿಮಿಷದೊಳಗೆ ಮುಗಿಯುತ್ತದೆ. ಅದೂ ಅಲ್ಲದೆ, ಆ ಚಿತ್ರವನ್ನು ಗಮನವಿಟ್ಟು ನೋಡಿದರೆ ಕೆಲವು ಮೋಟಾರು ಕಾರುಗಳು ಕ್ಯಾಮೆರಾದ ಮುಂದೆ ಹಾದು, ಸುತ್ತಿ ಬಂದು, ಮತ್ತೆ ಮತ್ತೆ ಹಾಯುವುದು ಕಾಣುತ್ತದೆ. ಬೀದಿ ಗಿಜಿಗುಡುವಂತೆ ಕಾಣಲಿ ಎಂದು ಮಾಡಿದ ಏರ್ಪಾಡಿನಂತೆ ಅದು ತೋರುತ್ತದೆ. ಎಂದಮೇಲೆ ಅಲ್ಲಿಯೂ ನಿರೂಪಣೆ ಇದೆ.

ಮೇಷ್ಟ್ರು: ಆ ಮಟ್ಟಿಗೆ ಶುದ್ಧ ಎಂಬ ಮಾತನ್ನು ಕೈಬಿಡಬೇಕಾಯಿತು. ಆದರೆ ಆ ಚಿತ್ರದ ಬಗ್ಗೆ ಇನ್ನೊಂದು ವಿಷಯ ಉಳಿಯುತ್ತದೆ. ಅದನ್ನು 1905ರದ್ದೆಂದು ಬಹುಕಾಲ ನಂಬಲಾಗಿತ್ತು. ಇಲ್ಲೇ ಫ್ರೀಮಾಂಟಿನ ನೈಲ್ಸ್‌ನಲ್ಲಿರುವ ಮೂಕಿಚಿತ್ರಗಳ ಸಂಗ್ರಹಾಲಯದ ಇತಿಹಾಸಕಾರ ಡೇವಿಡ್ ಕೀನ್ ರಸ್ತೆಯಲ್ಲಿ ನಿಂತ ಮಳೆನೀರನ್ನು ಆಗಿನ ಪತ್ರಿಕೆಗಳ ಹವಾಮಾನದ ವರದಿಗಳೊಂದಿಗೆ ಹೋಲಿಸಿ, ಮೋಟಾರುಗಳ ನೋಂದಣಿ ಸಂಖ್ಯೆಗಳನ್ನು ಹುಡುಕಿ, ಅದು 1906ರ ಏಪ್ರಿಲ್ 18ರ ಮಹಾ ಭೂಕಂಪಕ್ಕೆ ಕೆಲವೇ ದಿನ ಮೊದಲು ತೆಗೆದದ್ದೆಂದು ತೋರಿಸಿದರು. ಆ ಭೂಕಂಪ ಮತ್ತು ಅದರ ಬೆಂಬತ್ತಿದ ಬೆಂಕಿಯಲ್ಲಿ ಈ ಬೀದಿಯ ಕಟ್ಟಡಗಳಲ್ಲಿ ಹೆಚ್ಚಿನವು ಹಾಳಾದವು. ಚಿತ್ರದಲ್ಲಿ ಒಂದು ಚೌಕಟ್ಟೂ ಬದಲಾಗಲಿಲ್ಲ, ಆದರೂ ದಿನಾಂಕ ತಿಳಿದ ಮೇಲೆ ನೋಡುವವರಿಗೆ ಅದೇ ಹದಿಮೂರು ನಿಮಿಷಗಳು ಬೇರೆಯಾಗುತ್ತವೆ. ಅಡ್ಡ ಓಡುವ ಹುಡುಗನ ಮುಂದಿನ ವಾರ ಏನಾಯಿತೋ ಎಂಬ ಕಳವಳ ಚಿತ್ರದ ಒಳಗಿಲ್ಲ, ನೋಡುಗರಲ್ಲಿದೆ. ಮಧ್ಯಂತರವನ್ನು ಕಿತ್ತುಹಾಕಿದಾಗ ಬದಲಾದದ್ದೂ ಇದೇ ಕಾಲ. ಕಥೆಯದ್ದೂ ಅಲ್ಲದ, ತೆರೆಯದ್ದೂ ಅಲ್ಲದ ಇದನ್ನು ನೋಡುಗರ ಕಾಲ ಎಂದು ಕರೆದು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಉಳಿದ ಲೆಕ್ಕಗಳೆಲ್ಲ ಅರೆಬರೆಯಾಗುತ್ತವೆ.

ತಂತ್ರಜ್ಞೆ: ನೋಡುಗರ ಕಾಲ ಎಂದರೆ ಕುರ್ಚಿಯಲ್ಲಿ ಕೂತವರ ಕೈಗಡಿಯಾರದ ಕಾಲವೇ? ಹಾಗಾದರೆ ಅದು ತೆರೆಕಾಲವೇ ಆಯಿತು.

ಮೇಷ್ಟ್ರು: ಅಳತೆಯಲ್ಲಿ ಒಂದೇ, ಅನುಭವದಲ್ಲಿ ಅಲ್ಲ. ಗಿರೀಶ ಕಾಸರವಳ್ಳಿಯವರು ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ ಮಾಡಿದ, 1986ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆದ 'ತಬರನ ಕಥೆ'ಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸರ್ಕಾರದ ಕೆಳದರ್ಜೆಯ ನೌಕರನಾಗಿದ್ದ ತಬರ ನಿವೃತ್ತನಾಗಿ ಪಿಂಚಣಿಗಾಗಿ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಿದೆ, ಆಸ್ಪತ್ರೆಗೆ ಹಣ ಬೇಕು. ಪಿಂಚಣಿ ಕೈಗೆ ಬರುವಷ್ಟರಲ್ಲಿ ಹೆಂಡತಿ ಇಲ್ಲ. ಕಡತದ ಕಾಲವೂ ಗಾಯದ ಕಾಲವೂ ಒಂದೇ ಕಥೆಯೊಳಗೆ ಬೇರೆಬೇರೆ ವೇಗದಲ್ಲಿ ಸಾಗುವುದೇ ಅಲ್ಲಿನ ದುರಂತ. ವ್ಯಾಪಾರಿ ಸಿನಿಮಾ ಆಗಿದ್ದರೆ ತಬರ ಹಲವು ಸಲ ಅಲೆದ ಎಂಬುದನ್ನು ಒಂದು ಹಾಡಿನಲ್ಲಿ ಮುಗಿಸಿ, ಸಾವಿನ ದೃಶ್ಯಕ್ಕೆ ಹತ್ತು ನಿಮಿಷ ಇಡುತ್ತಿತ್ತು. ಕಾಸರವಳ್ಳಿಯವರು ಅಲೆದಾಟಕ್ಕೇ ಕಾಲ ಕೊಟ್ಟರು. ಮೇಜಿನ ಆಚೆಗಿನವರು ತಲೆ ಎತ್ತುವವರೆಗೆ ಚಾರುಹಾಸನ್ ಕೈಕಟ್ಟಿ ನಿಲ್ಲುವಾಗ, ನೋಡುಗರೂ ಅವರೊಂದಿಗೆ ನಿಲ್ಲಬೇಕಾಗುತ್ತದೆ. ಕಚೇರಿಯಲ್ಲಿ ಏನೂ ನಡೆಯುತ್ತಿಲ್ಲ, ತೆರೆಯ ಮೇಲೂ ಏನೂ ನಡೆಯುತ್ತಿಲ್ಲ, ನೋಡುಗರೊಳಗೆ ಮಾತ್ರ ತಾಳ್ಮೆ ತೀರುತ್ತಿದೆ. ಆ ತೀರುವಿಕೆ ತಬರನದ್ದೂ ಹೌದು. ಶಾಂತಲ್ ಅಕರ್ಮನ್ 1975ರ 'ಜಾನ್ ದೀಲ್ಮಾನ್' ಚಿತ್ರದಲ್ಲಿ ಗೃಹಿಣಿಯೊಬ್ಬಳ ಮೂರು ದಿನಗಳಿಗೆ 201 ನಿಮಿಷ ಕೊಟ್ಟು, ಆಲೂಗಡ್ಡೆ ಸುಲಿಯುವುದನ್ನು ಸುಲಿಯುವಷ್ಟು ಹೊತ್ತೂ ತೋರಿಸಿದ್ದು ಇದೇ ತಿಳಿವಿನಿಂದ. ಯಾರ ಕೆಲಸವನ್ನು ಲೋಕ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲವೋ ಅವರಿಗೆ ಸಂದಿಯಲ್ಲಿ ಅಲ್ಲ, ತೆರೆಯ ಮೇಲೆ ಕಾಲ ಕೊಡಬೇಕು.

ತಂತ್ರಜ್ಞೆ: ಈಗ ಆ ಕಾಲವನ್ನು ಕೊಡುವುದು ನಿರ್ದೇಶಕರ ಕೈಯಲ್ಲಿ ಮಾತ್ರ ಉಳಿದಿಲ್ಲ. ಸನ್ನಿವೇಲ್‌ನ ದಕ್ಷಿಣಕ್ಕೆ ಲಾಸ್ ಗ್ಯಾಟೋಸ್‌ನಲ್ಲಿರುವ ನೆಟ್‌ಫ್ಲಿಕ್ಸ್ 2019ರಲ್ಲಿ ಸಿನಿಮಾದ ವೇಗ ಬದಲಿಸುವ ಸೌಲಭ್ಯವನ್ನು ಪ್ರಯೋಗಕ್ಕಿಟ್ಟಾಗ ಜಡ್ ಆಪಟೋ, ಬ್ರ್ಯಾಡ್ ಬರ್ಡ್ ಮೊದಲಾದ ನಿರ್ದೇಶಕರು ಬಹಿರಂಗವಾಗಿ ವಿರೋಧಿಸಿದರು. 2020ರಲ್ಲಿ ಅರ್ಧ ವೇಗದಿಂದ ಒಂದೂವರೆ ವೇಗದವರೆಗೆ ಬದಲಿಸಿಕೊಳ್ಳುವ ಅವಕಾಶ ಆಂಡ್ರಾಯ್ಡ್ ಫೋನುಗಳಿಗೆ ಬಂತು. ಅದನ್ನು ಕಿವುಡರ ಮತ್ತು ಅಂಧರ ರಾಷ್ಟ್ರೀಯ ಸಂಘಟನೆಗಳು ಸ್ವಾಗತಿಸಿದವು ಎಂಬುದನ್ನೂ ಹೇಳಬೇಕು. ಅಡಿಬರಹ ಓದಲು ಹೆಚ್ಚು ಹೊತ್ತು ಬೇಕಾದವರಿಗೆ ನಿಧಾನದ ವೇಗವೂ, ವೇಗವಾಗಿ ಕೇಳಿ ರೂಢಿಯಾದವರಿಗೆ ಹೆಚ್ಚಿನ ವೇಗವೂ ನಿಜವಾದ ಅನುಕೂಲ. ತಾಂತ್ರಿಕವಾಗಿ ನೋಡಿದರೆ ಒಂದೂವರೆ ವೇಗದಲ್ಲಿ ಚಿತ್ರದ ಯಾವ ಪ್ರಮಾಣವೂ ಕೆಡುವುದಿಲ್ಲ. ಹನ್ನೆರಡು ಸೆಕೆಂಡಿನ ಮೌನ ಎಂಟು ಸೆಕೆಂಡಾಗುತ್ತದೆ, ಮೂರು ಸೆಕೆಂಡಿನ ಮಾತು ಎರಡಾಗುತ್ತದೆ; ಮೌನ ಮೊದಲೂ ಮಾತಿನ ನಾಲ್ಕರಷ್ಟಿತ್ತು, ಈಗಲೂ ಅಷ್ಟೇ ಇದೆ. ನಿರ್ದೇಶಕರು ಯಾರಿಗೆ ಎಷ್ಟು ಪಾಲು ಕೊಟ್ಟರೋ ಆ ಪಾಲು ಹಾಗೆಯೇ ಉಳಿದಿದೆಯಲ್ಲ?

ಈ ವಾದ ಮೇಷ್ಟ್ರನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಿತು. ಇದು ಬಲವಾದ ವಾದ, ಇದಕ್ಕೆ ಉತ್ತರ ಕೊಡದೆ ವೇಗದ ಗುಂಡಿಯನ್ನು ದೂರುವುದು ಬರಿಯ ಹಳೆಯ ರೂಢಿಯ ಮೇಲಿನ ಮಮತೆಯಾದೀತು.

ಮೇಷ್ಟ್ರು: ಅಗತ್ಯವಿದ್ದವರ ಅನುಕೂಲವನ್ನು ಯಾರೂ ಪ್ರಶ್ನಿಸಬಾರದು. ಉಳಿದವರ ವಿಷಯದಲ್ಲಿ, ಪಾಲುಗಳ ಪ್ರಮಾಣ ಉಳಿಯುತ್ತದೆ ಎಂಬುದು ಕಥಾಕಾಲ, ತೆರೆಕಾಲಗಳನ್ನು ಮಾತ್ರ ನೋಡಿದರೆ ನಿಜ. ಆದರೆ ನೋಡುಗರ ಕಾಲಕ್ಕೆ ಗುಂಡಿ ಇಲ್ಲ. ಚಿತ್ರ ಒಂದೂವರೆ ವೇಗಕ್ಕೆ ಹೋದಾಗ ನೋಡುಗರ ಉಸಿರು ಒಂದೂವರೆ ವೇಗಕ್ಕೆ ಹೋಗುವುದಿಲ್ಲ, ಎದೆಬಡಿತ ಹೋಗುವುದಿಲ್ಲ, ಒಂದು ಮುಖವನ್ನು ಕಂಡು ಅದರ ನೋವು ಮನಸ್ಸಿಗೆ ಇಳಿಯಲು ಬೇಕಾಗುವ ಹೊತ್ತು ಕಡಿಮೆಯಾಗುವುದಿಲ್ಲ. ತಬರ ನಿಂತ ಹನ್ನೆರಡು ಸೆಕೆಂಡುಗಳನ್ನು ಅಳೆಯುತ್ತಿದ್ದದ್ದು ಪಕ್ಕದ ಮಾತಿನ ಮೂರು ಸೆಕೆಂಡುಗಳಲ್ಲ, ನೋಡುವವರ ಮೈ. ಆ ಅಳತೆಗೋಲು ಬದಲಾಗದೆ ಅಳೆಯುವ ವಸ್ತು ಮಾತ್ರ ಕುಗ್ಗಿದರೆ, ಕಾಯುವಿಕೆ ಎಂಬುದು ಕಾಯುವಿಕೆಯಾಗಿ ಉಳಿಯುವುದಿಲ್ಲ, ಕಾದರು ಎಂಬ ಮಾಹಿತಿಯಾಗುತ್ತದೆ. ಕಾದಂಬರಿ ಒಂದು ವಾಕ್ಯದಲ್ಲಿ ಕೊಡಬಹುದಾದ ಮಾಹಿತಿಯನ್ನೇ ಕೊಡುವುದಾದರೆ ಕ್ಯಾಮೆರಾ ಕಚೇರಿಗೆ ಹೋಗಬೇಕಾಗಿರಲಿಲ್ಲ.

ತಂತ್ರಜ್ಞೆ: ಹಾಗಿದ್ದರೆ ವೇಗದ ಗುಂಡಿಗಿಂತ ಹತ್ತು ಸೆಕೆಂಡು ಮುಂದಕ್ಕೆ ಹಾರಿಸುವ ಗುಂಡಿಯ ಬಗ್ಗೆ ಹೆಚ್ಚು ಯೋಚಿಸಬೇಕು. ಅದು ಪ್ರಮಾಣವನ್ನೂ ಕೆಡಿಸುತ್ತದೆ. ಸಾಮಾನ್ಯವಾಗಿ ಜನ ಮಾತು ನಿಂತಲ್ಲಿ, ಯಾರೂ ಅಲುಗಾಡದೆ ಇದ್ದಲ್ಲಿ ಅದನ್ನು ಒತ್ತುತ್ತಾರೆ. ನಿರ್ದೇಶಕರು 262 ಗಂಟೆಗಳನ್ನು ಸಂದಿಗೆ ಬಿಟ್ಟು ಎರಡನ್ನು ಉಳಿಸಿಕೊಂಡರೆ, ಆ ಎರಡರೊಳಗೂ ಮತ್ತೆ ಸಂದಿಗಳನ್ನು ಮಾಡುವುದು ಈಗ ಹೆಬ್ಬೆರಳಿನ ಕೆಲಸ. 2022ರಿಂದ ಯೂಟ್ಯೂಬ್‌ನಲ್ಲಿ ವಿಡಿಯೊದ ಯಾವ ಭಾಗವನ್ನು ಜನ ಹೆಚ್ಚಾಗಿ ಮತ್ತೆ ನೋಡಿದ್ದಾರೆ ಎಂಬುದನ್ನು ಏರಿಳಿತದ ಗೆರೆಯಾಗಿ ಕೆಳಗೇ ತೋರಿಸುತ್ತಾರೆ. ಹೊಸದಾಗಿ ನೋಡುವವರು ಗೆರೆ ಏರಿದ ಕಡೆಗೆ ನೇರವಾಗಿ ಹೋಗಬಹುದು. ಗೆರೆ ತಗ್ಗಿದಲ್ಲಿ ತಬರ ನಿಂತಿರುವ ಸಂಭವವೇ ಹೆಚ್ಚು.

ಮೇಷ್ಟ್ರು: ಆ ಗೆರೆ ಕಾದು ನೋಡಿದವರನ್ನೂ, ಓಡುವ ಚಿತ್ರವನ್ನು ಹಾಗೆಯೇ ಬಿಟ್ಟು ಅಡುಗೆಮನೆಗೆ ಹೋದವರನ್ನೂ ಬೇರೆಮಾಡಿ ಎಣಿಸಬಲ್ಲದೇ?

ತಂತ್ರಜ್ಞೆ: ಇಲ್ಲ. ಯಂತ್ರಕ್ಕೆ ಗೊತ್ತಾಗುವುದು ತೆರೆಕಾಲ ಮಾತ್ರ.

ಮೇಷ್ಟ್ರು: ಇನ್ನೊಂದು ಪ್ರಶ್ನೆ. ಒಂದು ಚಿತ್ರಿಕೆಯನ್ನು ಅದರ ಪೂರ್ತಿ ಅವಧಿಯಲ್ಲಿಯೇ ನೋಡಬೇಕೆಂದು ನಿರ್ದೇಶಕರು ಬಯಸಿದರೆ, ಆ ಬಯಕೆಯನ್ನು ಚಿತ್ರದ ಜೊತೆಗೆ ಕಳಿಸಲು ದಾರಿಯಿದೆಯೇ? ತಡೆಯಲು ಅಲ್ಲ, ತಿಳಿಸಲು.

ತಂತ್ರಜ್ಞೆ: ತಂತ್ರಾಂಶದಲ್ಲಿ ಅದೇನೂ ದೊಡ್ಡ ಕೆಲಸವಲ್ಲ. ಅಡಿಬರಹದ ಸಾಲುಗಳು ಯಾವ ಕ್ಷಣಕ್ಕೆ ಮೂಡಬೇಕು, ಯಾವ ಕ್ಷಣಕ್ಕೆ ಅಳಿಯಬೇಕು ಎಂದು ಬರೆದಿಡುವ ಕಡತದ ಹಾಗೆಯೇ ಇನ್ನೊಂದು ಚಿಕ್ಕ ಕಡತ ಸಾಕು: ಇಂಥ ಕ್ಷಣದಿಂದ ಇಂಥ ಕ್ಷಣದವರೆಗೆ, ಇದ್ದ ವೇಗದಲ್ಲಿ. ಹಾರಿಸಲು ಹೊರಟವರಿಗೆ ಗುಂಡಿಯ ಪಕ್ಕದಲ್ಲಿ ಒಂದು ಗುರುತು ಕಂಡರೆ ಆಯಿತು. ಬೇಕೆಂದರೆ ಅವರು ಹಾರಿಸಿಕೊಳ್ಳಲಿ. ಬರೆಯಲು ಒಂದು ವಾರವೂ ಬೇಡ. ಅದನ್ನು ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಮೇಜು ಮಾತ್ರ ಬೇರೆ, ಅಲ್ಲಿ ಕಡತ ಎಷ್ಟು ದಿನ ಕೂರುತ್ತದೆಂದು ತಂತ್ರಾಂಶ ಬರೆಯುವವರು ಹೇಳಲಾರರು.

ಮೇಷ್ಟ್ರು: ಹಾಗಾದರೆ 'ತಬರನ ಕಥೆ'ಗೆ ಅಂಥ ಕಡತದ ಕರಡನ್ನು ಬರೆಯಲು ಈ ವಾರವೇ ಕೂತುಕೊಳ್ಳಬಹುದು. ಚಿತ್ರಿಕೆಗಳನ್ನು ಗುರುತಿಸುವ ಕೆಲಸ ನಾಟಕದ ಮೇಷ್ಟ್ರದ್ದು, ಸೆಕೆಂಡುಗಳನ್ನು ಹಿಡಿಯುವ ಕೆಲಸ ನಿಮ್ಮದು.